ಒಡೆಯನಿಲ್ಲದ ನೆಲದ ಬೆಳೆ

ಪುಣೆಯ ತಿಪ್ಪೆಗಳ ಮೇಲೆ 1951ರಲ್ಲಿ ಅಲ್ಲೊಂದು ಇಲ್ಲೊಂದು ಹೊಸ ಗಿಡ ತಲೆಯೆತ್ತಿತ್ತು. ಗುರುತಿಸಿದವರು ಪ್ರೊಫೆಸರ್ ಪರಾಂಜಪೆ. ಎಲೆ ಗಜ್ಜರಿ ಸೊಪ್ಪಿನ ಹಾಗೆ ಸೀಳು ಸೀಳು, ಕಾಂಡದ ಮೈಯೆಲ್ಲ ಸಣ್ಣ ರೋಮ, ತುದಿಯಲ್ಲಿ ಸಬ್ಬಕ್ಕಿ ಚೆಲ್ಲಿದಂಥ ಬಿಳಿ ಹೂ. ತಿಪ್ಪೆಯ ಮೇಲೆ ಏನು ಹುಟ್ಟಿದರೂ ಯಾರೂ ವಿಚಾರಿಸುವುದಿಲ್ಲ, ಸಸ್ಯಶಾಸ್ತ್ರಜ್ಞರನ್ನು ಬಿಟ್ಟು. 1956ರಲ್ಲಿ ಆರ್.ಎಸ್. ರಾವ್ ಎಂಬ ಸಸ್ಯಶಾಸ್ತ್ರಜ್ಞರು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಈ ಗಿಡ ಭಾರತಕ್ಕೆ ಹೊಸದು ಎಂದು ದಾಖಲಿಸಿದರು. ಲೇಖನ ಅಚ್ಚಾಗುವಷ್ಟರಲ್ಲಿ ಗಿಡ ಪುಣೆಯಿಂದ ಹೊರಡುವ ತಯಾರಿಯಲ್ಲಿತ್ತು.

ಮುಂದಿನ ಇಪ್ಪತ್ತು ವರ್ಷ ಅದು ರೈಲು ಹಳಿ ಹಿಡಿದು ನಡೆಯಿತು, ಹೆದ್ದಾರಿ ಹಿಡಿದು ನಡೆಯಿತು, ಲಾರಿ ಚಕ್ರದ ಕೆಸರಿಗೆ ಅಂಟಿಕೊಂಡು ಊರಿಂದೂರಿಗೆ ಇಳಿಯಿತು. ಎಪ್ಪತ್ತರ ದಶಕದ ನಡುವಿಗೆ ಬೆಂಗಳೂರಿನ ಖಾಲಿ ಸೈಟುಗಳಲ್ಲಿ ಸೊಂಟದೆತ್ತರ ಬೆಳೆದು ನಿಂತಿತ್ತು. ಕೃಷಿ ಇಲಾಖೆಯ ಕರಪತ್ರದಲ್ಲಿ ಅದು ಪಾರ್ಥೇನಿಯಂ ಕಳೆ. ಜನರ ಬಾಯಲ್ಲಿ ಕಾಂಗ್ರೆಸ್ ಹುಲ್ಲು, ಕಾಂಗ್ರೆಸ್ ಗಿಡ. ನಿಜಕ್ಕೂ ಅದು ಹುಲ್ಲೇ ಅಲ್ಲ. ಸೂರ್ಯಕಾಂತಿ, ಸೇವಂತಿಗೆ, ಹುಚ್ಚೆಳ್ಳಿನ ಮನೆತನದ್ದು. ಈ ನೆಂಟಸ್ತಿಕೆ ಮುಂದೆ ಕಥೆಯಲ್ಲಿ ದೊಡ್ಡ ತಕರಾರನ್ನೇ ಎಬ್ಬಿಸುತ್ತದೆ.

ಹೆಸರಿನಲ್ಲೇ ದೂರು

ಕಾಂಗ್ರೆಸ್ ಎಂಬ ಹೆಸರು ಹೇಗೆ ಬಂತು ಎಂದು ಹತ್ತು ಜನರನ್ನು ಕೇಳಿದರೆ ಮೂರು ಉತ್ತರ ಸಿಗುತ್ತದೆ. ಗಿಡದ ತುಂಬ ಬಿಳಿ ಹೂ ನಿಂತಾಗ ಸಮಾವೇಶದಲ್ಲಿ ಗಾಂಧಿ ಟೋಪಿಗಳು ಸೇರಿದಂತೆ ಕಾಣುತ್ತದೆ, ಅದಕ್ಕೆ ಎನ್ನುವವರುಂಟು. ಕಾಂಗ್ರೆಸ್ ಸರ್ಕಾರದ ಕಾಲದಲ್ಲಿ ಬಂತು, ಅದಕ್ಕೆ ಎನ್ನುವುದು ಎರಡನೆಯ ಮಾತು. ಅಮೆರಿಕದ ಸಂಸತ್ತಿನ ಹೆಸರೂ ಕಾಂಗ್ರೆಸ್ಸೇ, ಅಲ್ಲಿಂದ ಬಂದ ಗೋಧಿಯ ಜೊತೆ ಬಂದಿದ್ದಕ್ಕೆ ಆ ಹೆಸರು ಎನ್ನುವುದು ಮೂರನೆಯದು. ಮೂರರಲ್ಲಿ ಯಾವುದು ಮೊದಲು ಹುಟ್ಟಿತೋ, ಮೂರರಲ್ಲೂ ಒಂದು ಬೆರಳು ಯಾರ ಕಡೆಗೋ ಚಾಚಿಕೊಂಡೇ ಇದೆ. ಬೇಡದ ಗಿಡಕ್ಕೆ ಬೇಡದವರ ಹೆಸರಿಡುವುದು ನಮ್ಮ ಕಡೆಯ ಹಳೆಯ ರೂಢಿ. ಪಕ್ಕದ ಕೇರಳದಲ್ಲಿ ಇನ್ನೊಂದು ಪರದೇಶಿ ಕಳೆಯನ್ನು ಜನ ‘ಕಮ್ಯುನಿಸ್ಟ್ ಪಚ್ಚ’ ಎಂದು ಕರೆದರು. ಮರಾಠಿಯವರು ಮಾತ್ರ ರಾಜಕೀಯ ಬಿಟ್ಟು ಎಲೆಯನ್ನು ನೋಡಿದರು, ‘ಗಾಜರ್ ಗವತ್’, ಅಂದರೆ ಗಜ್ಜರಿ ಹುಲ್ಲು ಎಂದರು.

ಅಮೆರಿಕದ ಗೋಧಿಯ ಕಥೆ ಎಲ್ಲಕ್ಕಿಂತ ಗಟ್ಟಿಯಾಗಿ ನಿಂತಿತು. ಅದಕ್ಕೆ ಕಾರಣವೂ ಇತ್ತು. ಆ ಗೋಧಿ ಬರುತ್ತಿದ್ದ ಅಮೆರಿಕದ ಕಾನೂನಿನ ಹೆಸರು ಪಿಎಲ್-480, ಆ ಕಾಲದವರಿಗೆ ಅದು ಬರೀ ಕಾನೂನಿನ ಸಂಖ್ಯೆಯಾಗಿರಲಿಲ್ಲ. ರೇಷನ್ ಅಂಗಡಿಯ ಮುಂದಿನ ಸಾಲು, ಕೈಯಲ್ಲಿ ಚೀಲ, ಅಕ್ಕಿ ರಾಗಿ ಉಂಡ ಬಾಯಿಗೆ ಹಿಡಿಸದ ಪರದೇಶದ ಗೋಧಿ, ‘ಹಡಗಿನಿಂದ ಬಾಯಿಗೆ’ ಎಂಬ ಅವಮಾನದ ಮಾತು, ಎಲ್ಲವೂ ಅದರಲ್ಲಿತ್ತು. 1966ರ ಬರದ ವರ್ಷ ದೇಶಕ್ಕೆ ಹೊರಗಿನಿಂದ ಬಂದ ಧಾನ್ಯ ಸುಮಾರು ಒಂದು ಕೋಟಿ ಟನ್. ಕೈಯೊಡ್ಡಿ ಪಡೆದ ಕಾಳಿನ ಜೊತೆ ವಿಷದ ಬೀಜವೂ ಬಂತು ಎಂಬ ಮಾತು ಮನಸ್ಸಿಗೆ ಒಪ್ಪುತ್ತಿತ್ತು. ಹಂಗಿನ ಅನ್ನಕ್ಕೆ ಕಳೆಯ ಬೆಲೆ ಎಂದು ಜನ ಲೆಕ್ಕ ಹಾಕಿಬಿಟ್ಟರು.

ತಾರೀಖು ಹೇಳುವ ಸಾಕ್ಷಿ

ಆದರೆ ತಾರೀಖುಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಬೇಕು. ಪಿಎಲ್-480 ಕಾನೂನಿಗೆ ಅಧ್ಯಕ್ಷ ಐಸೆನ್‌ಹೋವರ್ ಸಹಿ ಹಾಕಿದ್ದು 1954ರ ಜುಲೈಯಲ್ಲಿ. ಭಾರತ ಅದರಡಿ ಮೊದಲ ಒಪ್ಪಂದ ಮಾಡಿಕೊಂಡದ್ದು 1956ರ ಆಗಸ್ಟ್‌ನಲ್ಲಿ. ಪುಣೆಯ ತಿಪ್ಪೆಯ ಮೇಲೆ ಗಿಡ ಕಂಡದ್ದು 1951ರಲ್ಲಿ. ಆರೋಪ ಹೊತ್ತ ಹಡಗು ಇನ್ನೂ ಬಂದರು ಬಿಟ್ಟಿರದಾಗಲೇ ಗಿಡ ಇಲ್ಲಿ ಹೂ ಬಿಟ್ಟಿತ್ತು.

ಅದಕ್ಕೂ ಮುಂಚಿನ ಗೋಧಿ ಇರಲಿಲ್ಲವೇ ಎಂದರೆ, ಇತ್ತು. 1951ರ ಜೂನ್‌ನಲ್ಲಿ ಅಧ್ಯಕ್ಷ ಟ್ರೂಮನ್ ಭಾರತಕ್ಕೆ ಧಾನ್ಯ ಕೊಳ್ಳಲು 19 ಕೋಟಿ ಡಾಲರ್ ಸಾಲ ಕೊಡುವ ಕಾನೂನಿಗೆ ಸಹಿ ಹಾಕಿದ್ದರು. ಆ ಕಾಳಿನಲ್ಲೂ ಬೀಜ ಬೆರೆತಿರಬಹುದು, ಆಮೇಲಿನ ಹಡಗುಗಳಲ್ಲಿ ಮತ್ತೆ ಮತ್ತೆ ಬಂದಿರಲೂಬಹುದು. ಆದರೆ ಗಿಡದ ಮೊದಲ ಹೆಜ್ಜೆ ಇನ್ನೂ ಹಿಂದಿನದು. ಡೆಹ್ರಾಡೂನ್‌ನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿ ಒಣಗಿಸಿಟ್ಟ ಸಸ್ಯಗಳ ಸಂಗ್ರಹವಿದೆ. ಅದರಲ್ಲಿ 1880ರ ಪಾರ್ಥೇನಿಯಂ ಮಾದರಿಯೊಂದಿದೆ, ಬ್ರಿಟಿಷ್ ಭಾರತದ ಅರಣ್ಯ ಇಲಾಖೆಯನ್ನು ಕಟ್ಟಿದ ಡೀಟ್ರಿಕ್ ಬ್ರಾಂಡಿಸ್ ಅವರ ಹೆಸರಿನಲ್ಲಿ. ಅದಕ್ಕೂ ಹಿಂದೆ, 1814ರಲ್ಲಿ, ಕಲ್ಕತ್ತೆಯ ಈಸ್ಟ್ ಇಂಡಿಯಾ ಕಂಪನಿ ತೋಟದಲ್ಲಿ ಬೆಳೆಯುತ್ತಿದ್ದ ಗಿಡಗಳ ಪಟ್ಟಿ ‘ಹಾರ್ಟಸ್ ಬೆಂಗಾಲೆನ್ಸಿಸ್’ ಎಂಬ ಹೆಸರಿನಲ್ಲಿ ಸೆರಾಂಪುರದಲ್ಲಿ ಅಚ್ಚಾಯಿತು. ವಿಲಿಯಂ ರಾಕ್ಸ್‌ಬರ್ಗ್ ತಯಾರಿಸಿದ ಆ ಪಟ್ಟಿಯಲ್ಲೂ ಪಾರ್ಥೇನಿಯಂ ಹಿಸ್ಟರೊಫೋರಸ್ ಎಂಬ ಪೂರ್ಣ ಸಸ್ಯನಾಮದಲ್ಲಿ ಈ ಗಿಡ ಇದೆ. ಇಂದು ಕಿತ್ತೆಸೆಯಲು ಸಪ್ತಾಹ ನಡೆಸುವ ಗಿಡವನ್ನು ಒಂದು ಕಾಲದಲ್ಲಿ ತೋಟದಲ್ಲಿಟ್ಟು ಸಾಕಿದ್ದರು.

ಕಲ್ಕತ್ತೆಯಲ್ಲಿ ಪಟ್ಟಿಗೆ ಸೇರಿ, ಉತ್ತರ ಭಾರತದಲ್ಲಿ ಕಡತಕ್ಕೆ ಸೇರಿ, ನೂರು ವರ್ಷಕ್ಕೂ ಹೆಚ್ಚು ಕಾಲ ಯಾರ ಗೊಡವೆಗೂ ಹೋಗದ ಗಿಡ ಇದ್ದಕ್ಕಿದ್ದಂತೆ ಇಪ್ಪತ್ತೇ ವರ್ಷದಲ್ಲಿ ದೇಶ ತುಂಬಿದ್ದು ಹೇಗೆ? ಬೀಜ ಹೇಗೆ ಬಂತು ಎನ್ನುವುದಕ್ಕಿಂತ ನೆಲ ಯಾಕೆ ಸಿದ್ಧವಾಗಿತ್ತು ಎಂಬ ಪ್ರಶ್ನೆ ದೊಡ್ಡದು. ಸ್ವಾತಂತ್ರ್ಯದ ನಂತರ ದೇಶದ ತುಂಬ ರಸ್ತೆ ಅಗೆದರು, ಕಾಲುವೆ ತೋಡಿದರು, ರೈಲು ಹಳಿಯ ಪಕ್ಕ ಮಣ್ಣು ಸುರಿದರು, ಊರ ಹೊರಗೆ ಬಡಾವಣೆ ಹಾಕಿ ಸೈಟು ಗುರುತಿಸಿ ಕಲ್ಲು ನೆಟ್ಟು ಬಿಟ್ಟರು. ಹುಲ್ಲು ಕಿತ್ತುಹೋದ, ಬೇರೆ ಗಿಡ ಇನ್ನೂ ಬಾರದ ಬರಿಮಣ್ಣು ಅಷ್ಟು ಉದ್ದಕ್ಕೆ ಹಿಂದೆಂದೂ ಬಿದ್ದಿರಲಿಲ್ಲ. ಪಾರ್ಥೇನಿಯಂಗೆ ಬೇಕಾದದ್ದೇ ಅದು.

ಮೆಕ್ಸಿಕೊ ಕೊಲ್ಲಿಯ ಸುತ್ತಲಿನ ತನ್ನ ತವರಿನಲ್ಲೂ ಅದು ಕೆದಕಿದ ನೆಲದ ಗಿಡವೇ. ಮೊಳೆತ ಮೊದಲ ದಿನಗಳಲ್ಲಿ ಎಲೆಗಳನ್ನು ನೆಲಕ್ಕೆ ಅಂಟಿಸಿ ಚಕ್ರದಂತೆ ಹರಡಿ ಅಕ್ಕಪಕ್ಕದ ಮೊಳಕೆಗೆ ಬಿಸಿಲು ಬೀಳದಂತೆ ಮಾಡುತ್ತದೆ. ಒಂದೂವರೆ ತಿಂಗಳೊಳಗೆ ಹೂ ಕಟ್ಟುತ್ತದೆ. ನೀರು ಸಿಕ್ಕರೆ ವರ್ಷದಲ್ಲಿ ಮೂರು ನಾಲ್ಕು ತಲೆಮಾರು ಕಳೆಯುತ್ತದೆ. ಒಂದು ಸಾಧಾರಣ ಗಿಡದಿಂದ ಹದಿನೈದರಿಂದ ಇಪ್ಪತ್ತೈದು ಸಾವಿರ ಬೀಜ. ರಾಗಿ ಕಾಳಿಗಿಂತ ಹಗುರವಾದ ಆ ಬೀಜ ನೀರಿನಲ್ಲಿ ತೇಲುತ್ತದೆ, ಗೊರಸಿಗೆ ಮೆತ್ತುತ್ತದೆ, ಮರಳಿನ ಲಾರಿಯಲ್ಲಿ, ಗೊಬ್ಬರದ ಗಾಡಿಯಲ್ಲಿ ಕೂತು ಹೋಗುತ್ತದೆ, ಮಣ್ಣಿನಡಿ ಹೂತರೆ ವರ್ಷಗಟ್ಟಲೆ ಕಾಯುತ್ತದೆ. ಆಸ್ಟ್ರೇಲಿಯಾದಲ್ಲೂ ಇದೇ ಕಾಲದಲ್ಲಿ, 1955ರಲ್ಲಿ ಒಮ್ಮೆ, 1960ರಲ್ಲಿ ಇನ್ನೊಮ್ಮೆ, ಕ್ವೀನ್ಸ್‌ಲ್ಯಾಂಡ್ ಪ್ರಾಂತ್ಯಕ್ಕೆ ಅದು ಕಾಲಿಟ್ಟಿತು. ಎರಡನೆಯ ಬಾರಿ ಬಂದದ್ದು ಟೆಕ್ಸಾಸ್‌ನಿಂದ ತರಿಸಿದ ಮೇವಿನ ಹುಲ್ಲಿನ ಬೀಜದಲ್ಲಿ ಬೆರೆತು. ದಯೆಯ ಗೋಧಿ ತಿನ್ನದ ದೇಶವನ್ನೂ ಅದು ಬಿಡಲಿಲ್ಲ.

ಮೈಮೇಲೆ ಬಂದ ಗಿಡ

1968ರಲ್ಲಿ ಲೋಣಕರ್ ಮತ್ತು ಜೋಗ್ ಎಂಬ ವೈದ್ಯರು ಪಾರ್ಥೇನಿಯಂನಿಂದ ಚರ್ಮದ ಉರಿಯೂತ ಬಂದ ಒಂದು ಪ್ರಕರಣವನ್ನು ವೈದ್ಯಕೀಯ ಪತ್ರಿಕೆಯಲ್ಲಿ ವರದಿ ಮಾಡಿದರು. ಒಂದೇ ಒಂದು ಪ್ರಕರಣ. ಆರು ವರ್ಷ ಕಳೆದು, 1974ರಲ್ಲಿ ಲಂಡನ್ನಿನ ಚರ್ಮವೈದ್ಯರ ಪತ್ರಿಕೆಯಲ್ಲಿ ಲೋಣಕರ್ ಜೊತೆಗಾರರೊಂದಿಗೆ ಬರೆಯುವ ಹೊತ್ತಿಗೆ ಭಾರತದ ಈ ಚರ್ಮರೋಗ ಹೊರದೇಶದವರೂ ಗಮನಿಸುವಂಥದಾಗಿತ್ತು.

ರೋಗದ ಲಕ್ಷಣ ಮೊದಮೊದಲು ಜನರನ್ನು ಕಕ್ಕಾಬಿಕ್ಕಿ ಮಾಡಿತು. ಗಿಡ ಕೀಳದವರಿಗೂ, ಅದರ ಬಳಿಗೇ ಹೋಗದವರಿಗೂ ರೆಪ್ಪೆ ಊದುತ್ತಿತ್ತು, ಕತ್ತಿನ ಸುತ್ತ, ಮೊಣಕೈ ಒಳಮಡಿಕೆಯಲ್ಲಿ ತುರಿಕೆ ಏಳುತ್ತಿತ್ತು. ತುರಿಸಿದಷ್ಟೂ ಚರ್ಮ ದಪ್ಪಗಾಗಿ ಕಪ್ಪುಗಟ್ಟುತ್ತಿತ್ತು. ಗುಟ್ಟು ಗಿಡದ ರೋಮಗಳಲ್ಲಿತ್ತು. ಅವುಗಳಲ್ಲಿ ಪಾರ್ಥೆನಿನ್ ಎಂಬ ಕಹಿ ವಿಷವಸ್ತುವಿದೆ. ಬೇಸಿಗೆಯಲ್ಲಿ ಗಿಡ ಒಣಗಿ ಪುಡಿಯಾದಾಗ ರೋಮಗಳು ಗಾಳಿಗೆ ಏರಿ ಬೆವರಿದ ಮೈಗೆ ಕೂರುತ್ತವೆ. ಒಮ್ಮೆ ಮೈಗೆ ಒಗ್ಗದೆ ಹೋಯಿತೆಂದರೆ ಊರು ಬಿಟ್ಟರೂ ಬಿಡದಂಥ ಕಾಟ. ಸೇವಂತಿಗೆಯಂಥ ಅದೇ ಕುಟುಂಬದ ಹೂಗಳನ್ನು ಮುಟ್ಟಿದರೂ ಕೆಲವರಿಗೆ ಮತ್ತೆ ಕೆರಳುತ್ತದೆ.

ಗಿಡದ ಬಗೆಗಿನ ಸಂಶೋಧನೆ ಸಾಕಷ್ಟು ನಡೆದದ್ದು ಬೆಂಗಳೂರಿನಲ್ಲಿ. ಕಾಟ ಹೆಚ್ಚಿದ ಊರಿನವರೇ ಅದರ ಬೆನ್ನು ಹತ್ತಿದರು. ಭಾರತೀಯ ವಿಜ್ಞಾನ ಸಂಸ್ಥೆಯ ಪಿ.ವಿ. ಸುಬ್ಬರಾವ್ ಮತ್ತು ಅವರ ಸಂಗಡಿಗರು ಎಪ್ಪತ್ತರ ದಶಕದಿಂದಲೇ ಇದರ ಅಲರ್ಜಿಯನ್ನು ಅಭ್ಯಸಿಸಿದರು. ಬೆಂಗಳೂರಿಗರ ಬಿಡದ ಸೀನು, ಸುರಿಯುವ ಮೂಗಿನ ಹಿಂದೆ ಈ ಗಿಡದ ಪರಾಗವೂ ಇದೆ ಎಂದು ತೋರಿಸಿದರು. 1977ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ದನ ಎಮ್ಮೆಗಳದು. ಪಾರ್ಥೇನಿಯಂ ತಿನ್ನಿಸಿದ ಎಮ್ಮೆ ಕರುಗಳಲ್ಲಿ ಹೆಚ್ಚಿನವು ಒಂದು ತಿಂಗಳೊಳಗೆ ಸತ್ತವು. ಬಾಯಿಯಿಂದ ಕರುಳಿನವರೆಗೆ ಹುಣ್ಣು. ಸಾಮಾನ್ಯವಾಗಿ ದನ ಅದನ್ನು ಮೂಸಿ ಬಿಡುತ್ತದೆ. ಬೇರೆ ಮೇವು ಇಲ್ಲದ ಬರಗಾಲದಲ್ಲಿ ಹಸಿದ ಬಾಯಿ ಹಾಕುತ್ತದೆ, ಆಗ ಹಾಲೂ ಕಹಿಯಾಗುತ್ತದೆ. ಗೋಮಾಳದಲ್ಲಿ ಇದು ಹಬ್ಬಿದರೆ ಅಪಾಯ ಎರಡು ಬಗೆಯದು. ತಿಂದರೆ ವಿಷ, ತಿನ್ನದೆ ಬಿಟ್ಟರೆ ಇದ್ದ ಹುಲ್ಲಿನ ಜಾಗವೂ ಇದರ ಪಾಲು.

ಮೂರನೆಯ ಸಂಗತಿಯನ್ನು ಕಂಡುಹಿಡಿದವರು ಬೆಂಗಳೂರು ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ವಿಭಾಗದ ಎಸ್.ಡಿ. ಕಾಂಚನ್ ಮತ್ತು ಜಯಚಂದ್ರ. 1979ರ ಅವರ ಲೇಖನ ಗಿಡದ ಬೇರು ಅಕ್ಕಪಕ್ಕದ ಸಸಿಗಳನ್ನು ಕುಗ್ಗಿಸುವ ವಸ್ತುಗಳನ್ನು ಮಣ್ಣಿಗೆ ಬಿಡುತ್ತದೆ ಎಂದಿತು. ಮರುವರ್ಷ ಅವರು ಇನ್ನೂ ವಿಚಿತ್ರವಾದದ್ದನ್ನು ಬರೆದರು. ಪಾರ್ಥೇನಿಯಂನ ಪರಾಗ ಗಾಳಿಯಲ್ಲಿ ಹಾರಿ ಟೊಮೆಟೊ, ಬದನೆ, ಹುರುಳಿಕಾಯಿ, ಮೆಣಸಿನ ಹೂವಿನ ಶಲಾಕೆಯ ತುದಿಯ ಮೇಲೆ ಬಿದ್ದರೆ ಅಲ್ಲಿ ಕಾಯಿ ಕಚ್ಚುವುದೇ ತಪ್ಪುತ್ತದೆ. ಪರಾಗದ ಮೂಲಕ ಒಂದು ಗಿಡ ಇನ್ನೊಂದರ ಫಲವನ್ನು ಕೆಡಿಸಬಲ್ಲದು ಎಂಬುದು ಸಸ್ಯಶಾಸ್ತ್ರಕ್ಕೇ ಹೊಸ ಮಾತಾಗಿತ್ತು. ಬೇಲಿಯಾಚೆ ನಿಂತ ಗಿಡ ಬೇಲಿಯೊಳಗಿನ ಬೆಳೆಗೆ ಕೈ ಹಾಕುತ್ತದೆ ಎಂದಾಯಿತು.

ಕಾಯ್ದೆ ಮತ್ತು ಖಾಲಿ ಸೈಟು

1975ರಲ್ಲಿ ಕರ್ನಾಟಕ ಸರ್ಕಾರ ಕೃಷಿ ಕೀಟ ಮತ್ತು ರೋಗಗಳ ಕುರಿತ 1968ರ ಕಾಯ್ದೆಯಡಿ ಪಾರ್ಥೇನಿಯಂ ಅನ್ನು ಅಪಾಯಕಾರಿ ಕಳೆ ಎಂದು ಘೋಷಿಸಿತು. ಅಂದು ಮುಖ್ಯಮಂತ್ರಿ ದೇವರಾಜ ಅರಸು. ಕಾಂಗ್ರೆಸ್ ಸರ್ಕಾರವೇ ಕಾಂಗ್ರೆಸ್ ಹುಲ್ಲಿನ ಮೇಲೆ ಕಾಯ್ದೆ ಪ್ರಯೋಗಿಸಿದ ವಿನೋದ ಅಂದಿನವರಿಗೆ ಹೊಳೆಯದೆ ಇದ್ದಿರಲಾರದು. ಕಾಯ್ದೆಯ ತಿರುಳು ಸರಳ. ಯಾರ ಜಾಗದಲ್ಲಿ ಗಿಡವಿದೆಯೋ ಅವರೇ ತೆಗೆಯಬೇಕು.

ಸರಳವಾದದ್ದೇ ತೊಡಕಾಯಿತು. ರೈತನ ಹೊಲದಲ್ಲಿ ಗಿಡ ಬಂದರೆ ಅವನು ಕಾಯ್ದೆ ಹೇಳುವ ಮೊದಲೇ ಕೀಳುತ್ತಾನೆ. ಕುಂಟೆ ಹೊಡೆಯುತ್ತಾನೆ, ಆಳು ಕರೆದು ಕಳೆ ತೆಗೆಸುತ್ತಾನೆ, ಬೆಳೆ ಉಳಿಯಬೇಕಲ್ಲ. ಪಾರ್ಥೇನಿಯಂ ನೆಲೆ ಮಾಡಿದ್ದು ಬೇರೆ ಜಾಗದಲ್ಲಿ. ಟಾರು ಮತ್ತು ಹೊಲದ ನಡುವಿನ ನಾಲ್ಕು ಗಜದ ಪಟ್ಟಿ. ಹಳಿ ಮತ್ತು ಬೇಲಿಯ ನಡುವಿನ ಇಳಿಜಾರು. ಚರಂಡಿಯ ದಂಡೆ, ಸಂತೆ ಮೈದಾನದ ಮೂಲೆ, ಶಾಲೆಯ ಹಿಂಬದಿ. ಪಂಚಾಯಿತಿಯವರು ಲೋಕೋಪಯೋಗಿ ಇಲಾಖೆಯ ಕಡೆ ತೋರಿಸುತ್ತಾರೆ, ಆ ಇಲಾಖೆ ಮತ್ತೊಂದರ ಕಡೆ. ಆಗಿನ ಬೆಂಗಳೂರಿನಲ್ಲಿ ನಗರಾಭಿವೃದ್ಧಿ ಟ್ರಸ್ಟ್ ಬೋರ್ಡ್, 1976ರ ನಂತರ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ), ಬಡಾವಣೆಯ ಮೇಲೆ ಬಡಾವಣೆ ಮಾಡುತ್ತಿದ್ದವು. ಸೈಟಿನ ಯಜಮಾನ ಮನೆ ಕಟ್ಟಲು ದುಡ್ಡು ಕೂಡಿಸುತ್ತ ಇನ್ನೆಲ್ಲೋ ಇರುತ್ತಿದ್ದ. ಅವನು ಬರುವ ತನಕ ಸೈಟಿನಲ್ಲಿ ಬಾಡಿಗೆ ಕೊಡದೆ ಪಾರ್ಥೇನಿಯಂ ವಾಸ. ಕಾಗದದಲ್ಲಿ ಒಡೆಯರಿದ್ದರೂ ಕೈಯಲ್ಲಿ ಕುಡುಗೋಲು ಹಿಡಿಯುವ ಒಡೆಯರಿಲ್ಲದ ನೆಲ ಅದು. ಕಾಯ್ದೆ ಹುಡುಕಿದ್ದು ಒಡೆಯನನ್ನು, ಗಿಡ ಹುಡುಕಿದ್ದು ಒಡೆಯನಿಲ್ಲದ ಜಾಗವನ್ನು.

ಎನ್ನೆಸ್ಸೆಸ್ ಶಿಬಿರಗಳಲ್ಲಿ ಕಾಲೇಜು ಹುಡುಗರು ಗಿಡ ಕಿತ್ತು ರಾಶಿ ಹಾಕಿದರು. ಕೈಗೆ ಚೀಲ ಕಟ್ಟಿಕೊಳ್ಳದ ಎಷ್ಟೋ ಮಂದಿ ತುರಿಕೆ ಹಚ್ಚಿಕೊಂಡು ಮನೆಗೆ ಹೋದರು. ಹೂ ಬಿಟ್ಟ ಮೇಲೆ ಕಿತ್ತ ಗಿಡ ರಾಶಿಯಲ್ಲೇ ಬೀಜ ಉದುರಿಸಿತು. ಕೃಷಿ ವಿಜ್ಞಾನಿಗಳು ಕಳೆನಾಶಕ ಹೇಳಿದರು. ಬಡವರ ಉಪಾಯವಾಗಿ ಅಡುಗೆ ಉಪ್ಪನ್ನೂ ಹೇಳಿದರು, ಲೀಟರ್ ನೀರಿಗೆ ಸುಮಾರು 200 ಗ್ರಾಂ ಕರಗಿಸಿ ಗಿಡ ತೋಯುವಂತೆ ಸಿಂಪಡಿಸುವುದು. ಎಲೆ ಸುಟ್ಟು ಗಿಡ ಒಣಗುವುದು ನಿಜ. ಮುಂದಿನ ಮಳೆಗೆ ಮಣ್ಣಿನೊಳಗಿನ ಬೀಜ ಏಳುವುದೂ ಅಷ್ಟೇ ನಿಜ. ಈ ನಡುವೆ ಹೂವಿನಂಗಡಿಗಳಲ್ಲಿ ಅದೇ ಬಿಳಿ ಹೂವನ್ನು ಗುಲಾಬಿಯ ಸುತ್ತ ತುಂಬಿ ಬೊಕೆ ಕಟ್ಟಿ ವೇದಿಕೆಯ ಗಣ್ಯರಿಗೆ ಕೊಡುತ್ತಿದ್ದದ್ದೂ ಉಂಟು.

ತವರಿನಿಂದ ಬಂದ ದುಂಬಿ

ತವರಿನಲ್ಲಿ ಪಾರ್ಥೇನಿಯಂ ಇಷ್ಟು ಮೆರೆಯುವುದಿಲ್ಲ, ಅಲ್ಲಿ ಅದನ್ನು ತಿನ್ನುವವರಿದ್ದಾರೆ. ಇಲ್ಲಿಗೆ ಗಿಡ ಬಂತು, ಅದರ ಶತ್ರು ಬರಲಿಲ್ಲ. ಈ ಲೆಕ್ಕದ ಮೇಲೆ ಆಸ್ಟ್ರೇಲಿಯಾ ಮೆಕ್ಸಿಕೊದಿಂದ ಕೀಟಗಳನ್ನು ತರಿಸತೊಡಗಿತ್ತು. 1983ರಲ್ಲಿ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಗೂ ಮೆಕ್ಸಿಕೊದ ಒಂದು ಕೀಟ ಬಂತು. ಹೆಸರು ಜೈಗೋಗ್ರಾಮ ಬೈಕೊಲೊರಾಟ. ಕೆನೆ ಬಣ್ಣದ ಬೆನ್ನಿನ ಮೇಲೆ ಕಂದು ಗೆರೆ, ಗಾತ್ರ ಹೆಸರುಕಾಳಿಗಿಂತ ತುಸು ದೊಡ್ಡದು. ರೈತರು ಮುಂದೆ ಮೆಕ್ಸಿಕನ್ ದುಂಬಿ ಎಂದು ಕರೆದದ್ದು ಇದನ್ನೇ. ಸಂಸ್ಥೆಯ ಕೀಟವಿಜ್ಞಾನಿ ಕೆ.ಪಿ. ಜಯಂತ್ ಅದನ್ನು ಬಂದೋಬಸ್ತಿನಲ್ಲಿ ಸಾಕಿ, ನಮ್ಮ ಬೆಳೆಗಳನ್ನು ಒಂದೊಂದಾಗಿ ಮುಂದಿಟ್ಟು ಪರೀಕ್ಷಿಸಿದರು. ಪರೀಕ್ಷೆ ಮುಗಿದ ಮೇಲೆ 1984ರಲ್ಲಿ ಬೆಂಗಳೂರಿನಲ್ಲಿ ದುಂಬಿಯನ್ನು ಬಯಲಿಗೆ ಬಿಟ್ಟರು.

ಎಲ್ಲ ಕೀಟಕ್ಕೂ ಆ ಅಪ್ಪಣೆ ಸಿಗಲಿಲ್ಲ. 1985ರಲ್ಲಿ ಆಸ್ಟ್ರೇಲಿಯಾದಿಂದ ತರಿಸಿದ, ಕಾಂಡ ಕೊರೆಯುವ ಒಂದು ಪತಂಗ ಪ್ರಯೋಗಾಲಯದಲ್ಲಿ ಹುಚ್ಚೆಳ್ಳನ್ನೂ ತಿಂದಿತು. ತಳಿಯನ್ನೇ ಅಲ್ಲಿಗೆ ನಾಶ ಮಾಡಿದರು.

ಮೂರು ನಾಲ್ಕು ವರ್ಷ ದುಂಬಿಯ ಸುದ್ದಿಯೇ ಇರಲಿಲ್ಲ. 1988ರ ಹೊತ್ತಿಗೆ ಮಳೆಗಾಲದಲ್ಲಿ ಬೆಂಗಳೂರಿನ ಸುತ್ತ ಪಾರ್ಥೇನಿಯಂ ಎಲೆಯಿಲ್ಲದೆ ಬರೀ ಕಡ್ಡಿಯಾಗಿ ನಿಂತದ್ದು ಕಂಡಿತು. ಮರಿಯೂ ತಿನ್ನುತ್ತದೆ, ದೊಡ್ಡದೂ ತಿನ್ನುತ್ತದೆ. ಗಿಡ ಹೂ ಬಿಡುವ ಮುನ್ನವೇ ಸೊರಗುತ್ತದೆ. ಗೆದ್ದೆವು ಎಂದು ಹೇಳಬಹುದಾದ ಹೊತ್ತಿಗೆ ಹಳೆಯ ನೆಂಟಸ್ತಿಕೆ ತಲೆಯೆತ್ತಿತು. 1991ರ ಸುಮಾರಿಗೆ ಕರ್ನಾಟಕದಲ್ಲಿ ಸೂರ್ಯಕಾಂತಿಯ ಮೇಲೆ ದುಂಬಿ ಕಂಡಿತು. ಆಗ ಎಣ್ಣೆಗಾಗಿ ಸೂರ್ಯಕಾಂತಿ ಬೆಳೆದು ನಾಲ್ಕು ಕಾಸು ನೋಡುತ್ತಿದ್ದ ರೈತರು ಸುಮ್ಮನಿರುವರೇ? ಕಳೆ ತಿನ್ನಲಿ ಎಂದು ತಂದದ್ದು ಬೆಳೆ ತಿನ್ನಹತ್ತಿತು ಎಂಬ ಕೂಗೆದ್ದಿತು. ಕೇಂದ್ರ ಸರ್ಕಾರ ತನಿಖೆಗೆ ಸಮಿತಿ ನೇಮಿಸಿತು. ಹೊಸದಾಗಿ ದುಂಬಿ ಬಿಡುವುದು ನಿಂತಿತು.

ಕಾರಣ ಹುಡುಕಿದಾಗ ಸಿಕ್ಕಿದ್ದು ಮತ್ತೆ ಪರಾಗ. ಹೊಲದ ಅಂಚಿನ ಪಾರ್ಥೇನಿಯಂನ ಪರಾಗ ಸೂರ್ಯಕಾಂತಿ ಎಲೆಯ ಮೇಲೆ ಬಿದ್ದಿತ್ತು. ಆ ವಾಸನೆ, ಆ ರುಚಿಗೆ ಮೋಸಹೋದ ದುಂಬಿ ಎಲೆಗೆ ಬಾಯಿ ಹಾಕಿತ್ತು. ಸೂರ್ಯಕಾಂತಿಯ ಮೇಲೆ ಅದು ಸಂಸಾರ ಹೂಡಿ ಬೆಳೆಯಲಿಲ್ಲ. ಕೆಲವು ವರ್ಷದ ಬಳಿಕ ನಿರ್ಬಂಧ ಸಡಿಲಿತು, ದುಂಬಿ ಬೇರೆ ರಾಜ್ಯಗಳಿಗೂ ಹೋಯಿತು. ತಪ್ಪು ದುಂಬಿಯದು ಎನಿಸಿದ ಪ್ರಕರಣದಲ್ಲೂ ಬೇರು ಇದ್ದದ್ದು ಕೀಳದೆ ಬಿಟ್ಟ ಅಂಚಿನಲ್ಲಿ.

ಧಾರವಾಡದ ದಾರಿ

ಧಾರವಾಡದ ಕಡೆ ಬೇರೊಂದು ಯೋಚನೆ ಬೆಳೆಯುತ್ತಿತ್ತು. ಭತ್ತದ ತಳಿವಿಜ್ಞಾನಿಯಾಗಿ ಹೆಸರಾದ, ಮುಂದೆ ಅಲ್ಲಿನ ಕೃಷಿ ವಿಶ್ವವಿದ್ಯಾಲಯದ ಕುಲಪತಿಯಾದ ಎಂ. ಮಹದೇವಪ್ಪ ಅದರ ಹಿಂದಿದ್ದವರಲ್ಲಿ ಮುಖ್ಯರು. ಖಾಲಿ ಬಿಟ್ಟ ನೆಲಕ್ಕೆ ಏನಾದರೂ ಬಂದೇ ಬರುತ್ತದೆ, ಬರುವುದನ್ನು ನಾವೇ ಆರಿಸೋಣ ಎಂಬುದು ಆ ಯೋಚನೆ. ತಗಚೆಯ ಕುಲದ ಕ್ಯಾಸಿಯ ಗಿಡಗಳು ದಟ್ಟವಾಗಿ ಬೆಳೆದ ಕಡೆ ಪಾರ್ಥೇನಿಯಂ ಹಿಂಜರಿಯುವುದು ಕಂಡಿತ್ತು. ಮಳೆಗೆ ಮುಂಚೆ ರಸ್ತೆ ಬದಿಗೆ ಅದರ ಬೀಜ ಎರಚಿದರೆ ಕೆಲವು ವರ್ಷದಲ್ಲಿ ನೆಲ ಕೈಬದಲಾಗುತ್ತದೆ. ಪಾರ್ಥೇನಿಯಂ ನಿರ್ವಹಣೆ ಕುರಿತ ಮೊದಲ ಅಂತರರಾಷ್ಟ್ರೀಯ ಸಮ್ಮೇಳನ 1997ರ ಅಕ್ಟೋಬರ್‌ನಲ್ಲಿ ನಡೆದದ್ದು ಧಾರವಾಡದಲ್ಲೇ. ಹಾಗೆ ಎರಚಿದ ಕ್ಯಾಸಿಯ ಜಾತಿಯೂ ಅಮೆರಿಕ ಖಂಡದಿಂದ ಬಂದದ್ದೇ. ಆದರೆ ಅದು ತುರಿಕೆ ತರಲಿಲ್ಲ, ಆದ್ದರಿಂದ ಯಾವ ಪಕ್ಷದ ಹೆಸರೂ ಅದಕ್ಕೆ ಅಂಟಲಿಲ್ಲ.

ಇಂದು ಜಬಲ್‌ಪುರದ ಕಳೆ ಸಂಶೋಧನಾ ನಿರ್ದೇಶನಾಲಯದ ಮುಂದಾಳುತನದಲ್ಲಿ ಪ್ರತಿ ಆಗಸ್ಟ್‌ನಲ್ಲಿ ಪಾರ್ಥೇನಿಯಂ ಜಾಗೃತಿ ಸಪ್ತಾಹ ನಡೆಯುತ್ತದೆ. ದೇಶದಲ್ಲಿ ಸುಮಾರು 3.5 ಕೋಟಿ ಹೆಕ್ಟೇರ್‌ಗೆ ಈ ಕಳೆ ಹಬ್ಬಿದೆ ಎಂಬ ಅಂದಾಜು ಅಲ್ಲಿಂದ ಬಂದದ್ದು. ಹೂ ಬಿಡುವ ಮುನ್ನ ಕೀಳಿ, ಕೈಗವಸು ಹಾಕಿ, ಗುಂಡಿಯಲ್ಲಿ ಹಾಕಿ ಗೊಬ್ಬರ ಮಾಡಿ ಎಂಬ ಬುದ್ಧಿಮಾತು ಐವತ್ತು ವರ್ಷದಿಂದ ಹೆಚ್ಚೇನೂ ಬದಲಾಗಿಲ್ಲ. ಸಪ್ತಾಹಕ್ಕೆ ಏಳೇ ದಿನ, ಗಿಡಕ್ಕೆ ಇಡೀ ವರ್ಷ.

ಮುಂಗಾರಿನ ಮೊದಲ ಹದ ಮಳೆಗೆ ಎರಡೂ ಒಟ್ಟಿಗೆ ಏಳುತ್ತವೆ. ಬೇಸಿಗೆಯಿಡೀ ಮಣ್ಣಿನೊಳಗೆ ಮಲಗಿದ್ದ ದುಂಬಿ ಮೇಲೆ ಬರುತ್ತದೆ, ಮಲಗಿದ್ದ ಬೀಜ ಮೊಳೆಯುತ್ತದೆ. ಜುಲೈ ಹೊತ್ತಿಗೆ ರಾಗಿ ಹೊಲದಲ್ಲಿ ಹೆಂಗಸರು ಸಾಲು ಕೂತು ಕಳೆ ತೆಗೆಯುತ್ತಾರೆ. ಪೈರಿನ ನಡುವೆ ಕಾಂಗ್ರೆಸ್ ಗಿಡದ ಸಸಿ ಸಿಕ್ಕರೆ ಮಾತು ನಿಲ್ಲಿಸದೆಯೇ ಬೇರು ಸಮೇತ ಎಬ್ಬಿಸಿ ಹಿಂದಕ್ಕೆ ಎಸೆಯುತ್ತಾರೆ. ಸಾಲು ಬದುವಿನ ತನಕ ಹೋಗಿ ತಿರುಗುತ್ತದೆ. ಬದುವಿನಾಚೆ ಚರಂಡಿ, ಚರಂಡಿಯಾಚೆ ರಸ್ತೆ. ಅಲ್ಲಿ ಆಳೆತ್ತರದ ಗಿಡಗಳು ಹೂ ಹೊತ್ತು ನಿಂತಿರುತ್ತವೆ. ಲಾರಿಯೊಂದು ಹಾದುಹೋದಾಗ ಎದ್ದ ಗಾಳಿಗೆ ಅವು ಹೊಲದ ಕಡೆಗೇ ಬಾಗುತ್ತವೆ.